ಕುದಿಸಿ ನೋಡಿದ ಹಲಗೆ

ಮೊದಲು ಒಳಗಿಳಿದದ್ದು ಟಿವಿಎಸ್ಸಿನ ಸ್ಟ್ಯಾಂಡು.
ಮೊಸರು ಮಾರುವ ಚೆನ್ನಾಜಮ್ಮನ ಮಗ
ನಡುಹೊಳೆಯಲ್ಲಿ ಗಾಡಿ ನಿಲ್ಲಿಸಿ ಬೀಡಿ ಹಚ್ಚಿದ.
ದೋಣಿಯ ಹಾಸುಹಲಗೆಗೆ ಕಬ್ಬಿಣದ ಕಾಲು,
ಟೀಯಲ್ಲಿ ನೆಂದ ರಸ್ಕಿಗೆ
ಬೆರಳು ಹೋದ ಹಾಗೆ, ಹೋಯಿತು.

ದಡಕ್ಕೆ ತಂದು ಕಿತ್ತು ಮಗುಚಿದೆ.
ಮೇಲೆ ಐದು ಕೋಟು ನೀಲಿ,
ನನ್ನ ಗಂಡ ಬಳಿದದ್ದು, ದೀಪಾವಳಿಗೊಂದರಂತೆ.
ಕೆಳಗೆ ಏನೂ ಇಲ್ಲ.
ಕೆಳಮುಖ ಯಾರು ನೋಡ್ತಾರೆ ಅಂದಿದ್ದ.
ಹೊಳೆ ನೋಡಿತ್ತು.
ಪದರ ಬಿಟ್ಟು, ಕಪ್ಪಾಗಿ,
ಮಳೆಗೆ ಸಿಕ್ಕ ಪಂಚಾಂಗದಂತೆ ಉಬ್ಬಿದ ಪ್ಲೈವುಡ್ಡು.
ಎಲ್ಲ ಕೊಳೆತರೂ ಮೂಲೆಯಲ್ಲಿ ಕೊಳೆಯದೆ ಉಳಿದದ್ದು
ಒಂದು ಕೆಂಪು ಮೊಹರು:
ವಾಟರ್‌ಪ್ರೂಫ್.

ನರಸೀಪುರದಲ್ಲಿ ಬಸ್ಸು ಹತ್ತಿ ಮೈಸೂರು,
ಮಂಡಿ ಮೊಹಲ್ಲಾ, ಝಹೀರುದ್ದೀನ್ ಸಾಬರ ಅಂಗಡಿ.
ಹಾಳೆಗಳೆಲ್ಲ ಗೋಡೆಗೊರಗಿ
ಫೋಟೋ ತೆಗೆಸಿಕೊಳ್ಳುವವರಂತೆ ಮುಖ ಮುಂದೆ ಮಾಡಿದ್ದವು.
ಮುಖ ಬೇಡ ಸಾಬರೇ, ಅಂಚು ತೋರಿಸಿ.
ಅವರು ಕನ್ನಡಕ ಹಣೆಗೇರಿಸಿದರು.
ಹನ್ನೆರಡು ಎಂಎಂ ದಪ್ಪಕ್ಕೆ ಒಂಬತ್ತು ಗೆರೆ ಬೇಕು;
ಒಂದರಲ್ಲಿ ಏಳೇ.
ಇನ್ನೊಂದರಲ್ಲಿ ಒಂಬತ್ತಿದ್ದವು, ನಾಲ್ಕನೆಯದರಲ್ಲಿ
ಇರುವೆ ನುಸುಳುವಷ್ಟು ಸಂದು.
ಬಳೆಗೆ ಸಿಕ್ಕಿಸಿದ್ದ ಪಿನ್ನು ಬಿಚ್ಚಿ ತೂರಿಸಿದೆ,
ತಲೆಯವರೆಗೂ ಹೋಯಿತು.
'ಇದು ಅಡುಗೆಮನೆ ಕಪಾಟಿಗೆ ಓಡ್ತದಮ್ಮ,' ಎಂದು
ಮೆಲ್ಲಗೆ ಹೇಳಿ, ಒಳಗಿನಿಂದ ಬೇರೆ ತರಿಸಿದರು.
ಅದಕ್ಕೂ ಮೊಹರಿತ್ತು: ಏಳುನೂರ ಹತ್ತು.
ಮೊಹರು ಇರಲಿ, ಮೂಲೆಯ ತುಂಡೊಂದು ಕೊಡಿ,
ನಾಳಿದ್ದು ಬರ್ತೀನಿ.

ಮುದ್ದೆಯ ಎಸರು ಇಳಿಸಿದ ಒಲೆಯ ಮೇಲೆ
ಅಂಗೈಯಗಲದ ಮರ,
ತೇಲದಂತೆ ಅದರ ಮೇಲೊಂದು ಗುಂಡುಕಲ್ಲು.
ನಾಲ್ಕು ಗಂಟೆ ಕುದಿಯಿತು.
ಅತ್ತೆ ಮುಚ್ಚಳ ಎತ್ತಿ ಬಗ್ಗಿ ನೋಡಿ
'ಉಪ್ಪು ಹಾಕಿದೀಯೇನವ್ವ' ಅಂದರು.
ರಾತ್ರಿ ಒಲೆಬದಿ ಒಣಗಿಸಿ, ಬೆಳಿಗ್ಗೆ ಮತ್ತೆ ಕುದಿಸಿ
ಅಂಚಿಗೆ ಉಗುರು ಹಾಕಿದೆ, ಆಮೇಲೆ ಈಳಿಗೆಮಣೆ.
ಬಿಡಲಿಲ್ಲ.
ಆ ಹಾಳೆಯನ್ನೇ ತಂದೆ, ಬಸ್ಸಿನ ಟಾಪಿನ ಮೇಲೆ,
ಲಗೇಜಿಗೆ ಅರವತ್ತು ರೂಪಾಯಿ ಕೊಟ್ಟು ಜಗಳವಾಡಿ.

ರಾಳ ಒಂದು ಡಬ್ಬಿ, ಅದನ್ನು ಗಟ್ಟಿ ಮಾಡುವುದು ಇನ್ನೊಂದು.
ಮಗಳ ಕೆಮ್ಮಿನ ಔಷಧಿಯ ಮುಚ್ಚಳವೇ ಅಳತೆ,
ಎರಡಕ್ಕೆ ಒಂದು.
ಬೆರೆಸಿದ ಮೇಲೆ ನನ್ನನ್ನು ಮಾತಾಡಿಸಬಾರದು,
ಬಟ್ಟಲು ಕೈಯಲ್ಲೇ ಬಿಸಿಯೇರುತ್ತದೆ.
ಕೊಯ್ದ ಅಂಚು ಕುಡಿಯುತ್ತದೆ,
ಕೋಣ ಕುಡಿದ ಹಾಗೆ.
ಮೊದಲ ಕೋಟು ಹಚ್ಚಿ ತಿರುಗುವಷ್ಟರಲ್ಲಿ ಬಿಳಿಚಿಕೊಂಡಿತ್ತು.
ಎರಡನೆಯದನ್ನೂ ಕುಡಿಯಿತು.
ಮೂರನೆಯದು ಮೇಲೆಯೇ ನಿಂತು ಹೊಳೆಯಿತು.

ಸ್ಕ್ರೂ ಬರುವಲ್ಲೆಲ್ಲ ದಪ್ಪಗೆ ಕೊರೆದು,
ರಾಳ ತುಂಬಿ, ಒಣಗಿದ ಮೇಲೆ
ಅದರ ನಡುವೆಯೇ ಮತ್ತೆ ಸಣ್ಣಗೆ ಕೊರೆದೆ.
'ತೂತು ಮುಚ್ಚಿ ಅಲ್ಲೇ ತೂತು ಕೊರೆಯಾದು
ಯಾವ ಸೀಮೆ ಕೆಲ್ಸ ಅಮ್ಮಿ,'
ಜಾಲಿಯ ನೆರಳಲ್ಲಿ ಬಲೆ ಹೊಲಿಯುತ್ತ ಗಂಡ ನಕ್ಕ.
ಮರಕ್ಕೆ ನೀರಿನ ದಾರಿ ಗೊತ್ತಾಗಬಾರದು ಅಂದೆ.
ಅವನಿಗೆ ಅರ್ಥವಾಯಿತೋ ಇಲ್ಲವೋ,
ಕೆಳಮುಖಕ್ಕೆ ಕೊನೆಯ ಕೋಟು ಹಚ್ಚುವಾಗ ಕತ್ತಲಾಗಿತ್ತು,
ಟಾರ್ಚು ಹಿಡಿದು ನಿಂತವನು ಅವನೇ.
ತುಂಬ ಹೊತ್ತಾದ ಮೇಲೆ
'ಅಲ್ಲಿ, ಎಡಗಡೆ,
ಒಂಚೂರು ಬುಟ್ಟಿದೀಯ,' ಅಂದ.

ಹಾಸಿ ಬಿಗಿದು ಮೇಲಿನದು ಹಚ್ಚಿದ ದಿನ
ಗಾಳಿಯೆದ್ದು ತಲಕಾಡಿನ ಮರಳು ತಂದು ಚೆಲ್ಲಿತು.
ಹಸಿ ರಾಳದ ತುಂಬ ಮರಳು.
ಅಳು ಬಂತು. ಕೆರೆಯಲು ಹೋಗಿ, ನಿಂತು,
ಬರಿಗಾಲಿಟ್ಟು ನೋಡಿದೆ ಮಾರನೆಯ ಬೆಳಿಗ್ಗೆ:
ಒದ್ದೆಯಲ್ಲೂ ಜಾರಲಿಲ್ಲ.
ಹಾಗೇ ಬಿಟ್ಟೆ.

ಚೆನ್ನಾಜಮ್ಮನ ಮಗ ಈಗಲೂ ನಡುಹೊಳೆಯಲ್ಲೇ ಬೀಡಿ ಹಚ್ಚುತ್ತಾನೆ.
ಸ್ಟ್ಯಾಂಡು ಇಳಿಸುವ ಮುಂಚೆ
ಒಂದು ಚಪ್ಪಲಿ ಬಿಚ್ಚಿ ಅದರ ಕಾಲಿಗಿಡುತ್ತಾನೆ,
ನಾನು ಹೇಳಿದ್ದಲ್ಲ.
ಕುದಿಸಿದ ತುಂಡು ಅತ್ತೆಯ ಹತ್ತಿರ ಇದೆ,
ಹುಣಸೆಹಣ್ಣಿನ ಗಡಿಗೆಗೆ ಮುಚ್ಚಳ.